ಕಾಡು, ಕೊಟ್ಟಿಗೆ, ಕಡತ: ಮಲೆನಾಡಿಗೊಂದು ಆರೋಗ್ಯ ಸಂಶೋಧನಾ ಕೇಂದ್ರ



ದತ್ತಿ ಉಪನ್ಯಾಸಕ್ಕೆ ಬಂದವರು ಒಂದು ವಿಷಯದ ಪರಿಚಯ ಮಾಡಿಕೊಟ್ಟು ಕೂರುವುದು ವಾಡಿಕೆ. ನಾನು ಇವತ್ತು ಒಂದು ಬೇಡಿಕೆ ಇಟ್ಟುಕೊಂಡು ಬಂದಿದ್ದೇನೆ. ಮಲೆನಾಡಿನಲ್ಲಿ, ಶಿವಮೊಗ್ಗ ಜಿಲ್ಲೆಯಲ್ಲೇ ಆದರೆ ಇನ್ನೂ ಒಳ್ಳೆಯದು, ವಿಶ್ವವಿದ್ಯಾಲಯದ ಮಟ್ಟದ ಒಂದು ಕೇಂದ್ರ ಆಗಬೇಕು. ಸುತ್ತಲಿನ ಗಾಳಿ, ನೀರು, ಕಾಡು, ಔಷಧಿ ನಮ್ಮ ಮೈಗೆ ಏನು ಮಾಡುತ್ತವೆಂದು ನೋಡುವುದು ಪರಿಸರ ಆರೋಗ್ಯ. ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತವೆಂದು ನೋಡುವುದು ಜೀವವಿಕಾಸ. ಯಾರಿಗೆ, ಎಲ್ಲಿ, ಯಾವಾಗ ರೋಗ ಬಂತೆಂದು ಎಣಿಸಿ ಕಾರಣ ಹುಡುಕುವುದು ಎಪಿಡೆಮಿಯಾಲಜಿ. ಈ ಮೂರನ್ನೂ ಬಲ್ಲವರು ಅಲ್ಲಿ ಒಂದೇ ಮೇಜಿನ ಸುತ್ತ ಕೂರಬೇಕು. ಏಕೆ ಎಂಬುದನ್ನು ನಮ್ಮ ನೆಲದ ಹೆಸರನ್ನೇ ಹೊತ್ತಿರುವ ಕ್ಯಾಸನೂರು ಕಾಡಿನ ಕಾಯಿಲೆಯಿಂದ, ಅಂದರೆ ಮಂಗನ ಕಾಯಿಲೆಯಿಂದ ಶುರುಮಾಡುತ್ತೇನೆ.

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳುತ್ತಿದ್ದವು. ಆ ಕಾಡಿಗೆ ಹೋಗಿಬರುತ್ತಿದ್ದ ಜನರಿಗೆ ಒಮ್ಮೆಗೇ ಜ್ವರ, ತಲೆಸಿಡಿತ, ಮೈಮುರಿಯುವ ನೋವು, ಕೆಲವರಿಗೆ ಮೂಗು ಬಾಯಿಯಲ್ಲಿ ರಕ್ತ. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಆಗಿನ್ನೂ ಐದು ವರ್ಷದ ಸಂಸ್ಥೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಸ್ಥಾಪಿಸಿದ್ದು. ಅಲ್ಲಿಂದ ಬಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತವರ ಭಾರತೀಯ ಸಹೋದ್ಯೋಗಿಗಳಿಗೆ ಮೊದಲು ಕಾಡಿದ್ದು ಹಳದಿ ಜ್ವರದ ಭಯ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗ ಸತ್ತರೆ ಹಳದಿ ಜ್ವರ ಬಂತೆಂದೇ ಲೆಕ್ಕ. ಅದನ್ನು ಹರಡುವ ಸೊಳ್ಳೆ ನಮ್ಮಲ್ಲಿ ಊರೂರಲ್ಲೂ ಇದೆ. ರೋಗ ಮಾತ್ರ ಈ ದೇಶಕ್ಕೆ ಕಾಲಿಟ್ಟಿರಲಿಲ್ಲ. ಮಾದರಿಗಳನ್ನು ಪರೀಕ್ಷಿಸಿದಾಗ ಸಿಕ್ಕ ವೈರಸ್ ಬೇರೆಯೇ ಆಗಿತ್ತು. ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಅದು ಹತ್ತಿರದ ನೆಂಟ. ಸೈಬೀರಿಯದ ಕಡೆಯ ವೈರಸ್ಸಿನ ನೆಂಟ ಸೊರಬದ ಕಾಡಿನಲ್ಲಿ ಏನು ಮಾಡುತ್ತಿದೆ?

ಈ ಪ್ರಶ್ನೆ ಬಂದ ಗಳಿಗೆಯಲ್ಲೇ ವೈದ್ಯಶಾಸ್ತ್ರ ತನ್ನ ಬೇಲಿ ದಾಟಬೇಕಾಯಿತು. ಉತ್ತರದಿಂದ ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳು ಉಣುಗನ್ನೂ ವೈರಸ್ಸನ್ನೂ ಹೊತ್ತು ತಂದಿರಬಹುದೆ ಎಂದು ನೋಡಲು ವಿಶ್ವ ಆರೋಗ್ಯ ಸಂಸ್ಥೆ ಮುಂದೆ ಬಂತು. ಅದರ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಆರಂಭವಾಯಿತು. ಹಕ್ಕಿಯ ಮೇಲಿನ ಆಪಾದನೆ ಸಾಬೀತಾಗಲಿಲ್ಲ. ಆದರೆ ಭಾರತದ ಹಕ್ಕಿಗಳ ವಲಸೆಯ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಎಷ್ಟೋ ಪಾಲು ಆ ಕೆಲಸದಿಂದ ಬಂದದ್ದು. ಒಂದು ಜ್ವರದ ಬೆನ್ನು ಹತ್ತಿ ಹೊರಟವರು ಪಕ್ಷಿಶಾಸ್ತ್ರಕ್ಕೆ ಕಾಣಿಕೆ ಕೊಟ್ಟರು. ನಾನು ಕೇಳುತ್ತಿರುವ ಕೇಂದ್ರದಲ್ಲಿ ಇಂಥದು ದಿನನಿತ್ಯದ ಕೆಲಸವಾಗಬೇಕು.

ಉಣುಗಿನ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಲೆನಾಡಿನವರಿಗೆ ಅದರ ಕಡಿತ ಹೊಸತಲ್ಲ, ಆದರೆ ಅದರ ವರ್ಷದ ಲೆಕ್ಕ ಎಲ್ಲರಿಗೂ ಗೊತ್ತಿರುವುದಿಲ್ಲ. ಇಲ್ಲಿ ಮುಖ್ಯವಾಗಿ ವೈರಸ್ ಸಾಗಿಸುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ. ಮಳೆಗಾಲದಲ್ಲಿ ಬೆಳೆದ ಉಣುಗು ದನಕರುಗಳಂಥ ದೊಡ್ಡ ಪ್ರಾಣಿಗಳ ರಕ್ತ ಕುಡಿದು, ನೆಲಕ್ಕೆ ಬಿದ್ದು, ಮೊಟ್ಟೆಯಿಟ್ಟು ಸಾಯುತ್ತದೆ. ಮಳೆ ಮುಗಿಯುತ್ತಿದ್ದಂತೆ ಮೊಟ್ಟೆಯೊಡೆದ ಮರಿಗಳು ಇಲಿ, ಸುಂಡಿಲಿ, ಅಳಿಲು, ನೆಲದ ಹಕ್ಕಿ, ಮಂಗ ಹೀಗೆ ಸಿಕ್ಕಿದ್ದಕ್ಕೆ ಹತ್ತುತ್ತವೆ. ರಕ್ತ ಕುಡಿದು ಉದುರಿದ ಮರಿ ಪೊರೆ ಕಳಚಿ ಎರಡನೆಯ ಹಂತಕ್ಕೆ ಬರುವ ಹೊತ್ತಿಗೆ ಚಳಿಗಾಲ ಬಂದಿರುತ್ತದೆ. ಈ ಎರಡನೆಯ ಹಂತದ್ದು ಎಳ್ಳುಕಾಳಿಗಿಂತ ಚಿಕ್ಕದು, ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಇದೇ. ಡಿಸೆಂಬರಿನಿಂದ ಮೇವರೆಗೆ ಅದರ ಓಡಾಟ. ಜನವರಿಯಿಂದ ಮಾರ್ಚ್‌ವರೆಗೆ ಉಬ್ಬರ.

ಅದೇ ತಿಂಗಳುಗಳಲ್ಲಿ ಮಲೆನಾಡಿನ ಮನೆಗಳಲ್ಲಿ ಏನು ನಡೆಯುತ್ತಿರುತ್ತದೆ? ಸೊಪ್ಪಿನಬೆಟ್ಟಕ್ಕೆ ಹೋಗಿ ದರಗು, ಅಂದರೆ ಒಣಗಿದ ಎಲೆ, ಗುಡಿಸಿ ತರುವುದು. ಕೊಟ್ಟಿಗೆಗೆ ಹಾಸಲು ಅದು ಬೇಕು, ಗೊಬ್ಬರಕ್ಕೆ ಬೇಕು, ಅಡಿಕೆ ಮರದ ಬುಡಕ್ಕೆ ಬೇಕು. ಮಳೆಗಾಲದೊಳಗೆ ಸಾಕಾಗುವಷ್ಟು ರಾಶಿ ಹಾಕಿಕೊಳ್ಳಬೇಕು. ಅಂದರೆ ಉಣುಗು ಕಾಡಿನ ತರಗೆಲೆಯ ಮೇಲೆ ಕಾದು ಕುಳಿತಿರುವ ಕಾಲಕ್ಕೆ ಸರಿಯಾಗಿ ನಾವು ಆ ಎಲೆಯನ್ನು ಕೈಯಾರೆ ಬಾಚಿ ತಲೆಯ ಮೇಲೆ ಹೊತ್ತು ಮನೆಗೆ ತರುತ್ತೇವೆ. 2011–12ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ರೋಗ ಕಾಣಿಸಿಕೊಂಡಾಗ ನಡೆದ ಅಧ್ಯಯನದಲ್ಲಿ, ಮನೆಯ ಆವರಣದಲ್ಲಿ ಒಣ ಎಲೆಯ ರಾಶಿ ಇರುವುದೂ ಅಪಾಯದ ಕಾರಣಗಳಲ್ಲಿ ಒಂದಾಗಿ ಕಂಡುಬಂತು. ಹೀಗೆ ಒಂದು ರೋಗದ ಕಾಲವನ್ನು ಗೊತ್ತುಮಾಡುವುದರಲ್ಲಿ ಮುಂಗಾರು, ಕೊಟ್ಟಿಗೆ, ಅಡಿಕೆ ಕೃಷಿ, ಉಣುಗಿನ ಹುಟ್ಟುಸಾವು ಎಲ್ಲವೂ ಸೇರಿವೆ. ಇದನ್ನು ಯಾವ ಒಂದು ವಿಭಾಗದ ಪಠ್ಯಪುಸ್ತಕವೂ ಇಡಿಯಾಗಿ ಹೇಳುವುದಿಲ್ಲ.

ಇದನ್ನು ಮೊದಲು ಇಡಿಯಾಗಿ ಕಂಡವರಲ್ಲಿ ಹಾರ್ಹೆ ಬೊಶೆಲ್ ಪ್ರಮುಖರು. ಕೊಲಂಬಿಯದ ವೈದ್ಯರು, ಅಲ್ಲಿನ ಕಾಡಿನ ಹಳದಿ ಜ್ವರದ ಮೇಲೆ ಕೆಲಸ ಮಾಡಿ ಪಳಗಿದವರು. ನಮ್ಮ ಕಾಡಿನಲ್ಲಿ ಕೆಲಸ ಮಾಡಿ 1969ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ವಾದ ಇಷ್ಟು: ವೈರಸ್ ಈ ಕಾಡಿನಲ್ಲಿ ಸಣ್ಣ ಪ್ರಾಣಿ, ಉಣುಗುಗಳ ನಡುವೆ ಸದ್ದಿಲ್ಲದೆ ಇದ್ದಿರಬೇಕು. ಜನ ಹೆಚ್ಚಿದರು, ಕಾಡಿನ ಅಂಚು ಕಡಿದು ಗದ್ದೆ ಮಾಡಿದರು, ದನಗಳನ್ನು ಕಾಡಿಗೆ ಬಿಟ್ಟರು. ಬೆಳೆದ ಉಣುಗಿಗೆ ದನದ ರೂಪದಲ್ಲಿ ಹೇರಳ ಆಹಾರ ಸಿಕ್ಕಿತು, ಅದರ ಸಂತಾನ ನೂರ್ಮಡಿಯಾಯಿತು. ದನಕ್ಕೆ ಈ ರೋಗ ತಟ್ಟುವುದಿಲ್ಲ. ಅದು ಉಣುಗನ್ನು ಸಾಕುತ್ತದೆ ಅಷ್ಟೆ. ಪ್ರಾಣ ಬಿಡುವುದು ಮುಸಿಯ ಮತ್ತು ಕೆಂಪು ಮಂಗ. ಮಂಗ ಸತ್ತು ಮೈ ತಣ್ಣಗಾದಾಗ ಅದರ ಮೈಮೇಲಿದ್ದ ಸೋಂಕಿತ ಉಣುಗುಗಳು ಅಲ್ಲೇ ಉದುರುತ್ತವೆ. ಸತ್ತ ಮಂಗದ ಸುತ್ತ 50 ಮೀಟರ್‌ವರೆಗೆ ಕೀಟನಾಶಕ ಹಾಕಬೇಕೆಂಬ ಇವತ್ತಿನ ನಿಯಮದ ಹಿಂದಿರುವುದು ಇದೇ ತಿಳಿವಳಿಕೆ.

ಬೊಶೆಲ್ ಅವರ ಮಾತಿಗೆ ಅತ್ಯಂತ ಕ್ರೂರವಾದ ಸಾಕ್ಷಿ ಬಂದದ್ದು ದಕ್ಷಿಣ ಕನ್ನಡದಿಂದ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡುತೋಪಿಗಾಗಿ ಕಾಡು ಬೋಳಿಸಿದರು. ಹಿಂದೆಯೇ ಈ ಕಾಯಿಲೆಯ ದಾಖಲಾದ ಅತಿದೊಡ್ಡ ಪಿಡುಗು ಎದ್ದಿತು. ಒಂದೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಿಲೆ, ಸುಮಾರು 150 ಸಾವು. ಮರ ಕಡಿದ ಕೂಲಿಗಳೇ ಮೊದಲು ಮಲಗಿದವರಲ್ಲಿದ್ದರು. ಆಗ ಅಲ್ಲಿದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಇದನ್ನು ಅಭಿವೃದ್ಧಿಯೇ ತಂದ ಕಾಯಿಲೆ ಎಂದು ಗುರುತಿಸಿದರು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಸುತ್ತಿನ ಗೇರು ತೋಪುಗಳ ಮೇಲೆ ಮುಂದೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳ ಮೇಲೆ, ತೆರೆದ ಬಾವಿಗಳ ಮೇಲೆ ಅದು ಬಿತ್ತು. ಅದರ ಫಲವಾಗಿ ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಳ್ಳುತ್ತಿರುವ ತಾಯಂದಿರು ಇವತ್ತಿಗೂ ಅಲ್ಲಿದ್ದಾರೆ. ಆ ವಿಷಕ್ಕೆ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಮೊದಲನೆಯದನ್ನು ವೈರಸ್ ತಜ್ಞರು ನೋಡಿದರು, ಎರಡನೆಯದನ್ನು ವಿಷಶಾಸ್ತ್ರದವರು ಮತ್ತು ನ್ಯಾಯಾಲಯ. ಎರಡಕ್ಕೂ ಬೇರು ಒಂದೇ: ಇಂಥ ಕಡೆ ಕಾಡನ್ನು ತೆಗೆದು ಒಂದೇ ಬೆಳೆ ಹಾಕಿದರೆ ಅಲ್ಲಿನ ಜನರ ಮೈಗೆ ಏನಾದೀತು ಎಂಬ ಪ್ರಶ್ನೆಯನ್ನು ಮುಂಚೆ ಕೇಳುವವರು ಯಾರೂ ಇರಲಿಲ್ಲ. ಅದನ್ನು ಕೇಳುವುದೇ ಕೆಲಸವಾಗಿರುವ ಒಂದು ಸಂಸ್ಥೆ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ಜೀವವಿಕಾಸಕ್ಕೆ ಬರುತ್ತೇನೆ. ಇದೇ ಹೆಚ್ಚಿನವರಿಗೆ ಅನುಮಾನ ಬರುವ ಭಾಗ. ಪರಿಸರ ಸರಿ, ರೋಗದ ಲೆಕ್ಕ ಸರಿ, ಡಾರ್ವಿನ್‌ಗೆ ಇಲ್ಲಿ ಏನು ಕೆಲಸ ಎಂದು ವೈದ್ಯ ಮಿತ್ರರೇ ಕೇಳುತ್ತಾರೆ. ನಮ್ಮ ಎಂಬಿಬಿಎಸ್ ಪಠ್ಯದಲ್ಲಿ ಜೀವವಿಕಾಸ ಒಂದು ವಿಷಯವಾಗಿ ಇಲ್ಲ, ಹಾಗಾಗಿ ಅವರನ್ನು ದೂರುವುದೂ ತಪ್ಪು. ಅವರ ಪ್ರಶ್ನೆಗೆ ಉತ್ತರ ಕೊಟ್ಟವರು ಒಬ್ಬರಿದ್ದಾರೆ. ಕ್ಯಾಸನೂರಿನಲ್ಲಿ ಮಂಗ ಸತ್ತ ಅದೇ 1957ರಲ್ಲಿ ಜೀವವಿಕಾಸದ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಇಂಗ್ಲೆಂಡ್ ಬಿಟ್ಟು ಕಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬಂದು ನೆಲೆಸಿದರು, ಆಮೇಲೆ ಭಾರತದ ಪ್ರಜೆಯೂ ಆದರು. ಸೋಂಕುರೋಗವೇ ಜೀವವಿಕಾಸವನ್ನು ತಿದ್ದುವ ದೊಡ್ಡ ಶಕ್ತಿ ಎಂದು ಅವರು 1949ರಲ್ಲೇ ಬರೆದಿದ್ದರು. ಮಲೇರಿಯ ಇದ್ದ ಕಡೆ ಅದನ್ನು ತಡೆಯಬಲ್ಲ ರಕ್ತದ ದೋಷಗಳು ಉಳಿದುಕೊಂಡು ಬಂದಿವೆ ಎಂಬುದು ಆ ಚಿಂತನೆಯ ಒಂದು ಎಳೆ. ಕುಡುಗೋಲು ಕಣ ರಕ್ತಹೀನತೆಯ ವಿಷಯದಲ್ಲಿ ಆಂಥೊನಿ ಆಲಿಸನ್ ಅದನ್ನು 1954ರಲ್ಲಿ ಆಫ್ರಿಕದಲ್ಲಿ ತೋರಿಸಿಕೊಟ್ಟರು. ಅದಕ್ಕೂ ಎರಡು ವರ್ಷ ಮೊದಲು ನೀಲಗಿರಿಯ ಬುಡಕಟ್ಟುಗಳಲ್ಲಿ ಈ ರಕ್ತದೋಷ ಪತ್ತೆಯಾಗಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಅದು ಇದೆ. ಕಾಡಿನ ಮಲೇರಿಯದ ಎದುರು ಅಜ್ಜ ಮುತ್ತಜ್ಜರನ್ನು ಕಾಪಾಡಿದ್ದು ಇವತ್ತಿನ ಮಗುವಿಗೆ ನೋವಾಗಿ ಬಂದಿದೆ. ಆ ಮಗುವಿನ ತಾಯಿಗೆ ಇದು ಶಾಪವೂ ಅಲ್ಲ, ಕುಲದ ಕೊರತೆಯೂ ಅಲ್ಲ ಎಂದು ಸಮಾಧಾನ ಹೇಳಲು ವೈದ್ಯನಿಗೆ ಈ ಚರಿತ್ರೆ ತಿಳಿದಿರಬೇಕು.

ಮಂಗನ ಕಾಯಿಲೆಯಲ್ಲಂತೂ ಜೀವವಿಕಾಸದ ಪ್ರಶ್ನೆ ನೇರವಾಗಿ ಆಡಳಿತದ ಬಾಗಿಲಿಗೇ ಬರುತ್ತದೆ. 1995ರಲ್ಲಿ ಸೌದಿ ಅರೇಬಿಯದಲ್ಲಿ ಅಲ್‌ಖುರ್ಮ ಎಂಬ ವೈರಸ್ ಪತ್ತೆಯಾಯಿತು. ನಮ್ಮ ಕ್ಯಾಸನೂರು ವೈರಸ್ಸಿಗೆ ಅದು ರಷ್ಯದ ನೆಂಟನಿಗಿಂತಲೂ ಹತ್ತಿರ. ಇವೆರಡೂ ಒಂದೇ ಮೂಲದಿಂದ ಕವಲೊಡೆದದ್ದು ಯಾವಾಗ? ವೈರಸ್ಸಿನ ಆರ್‌ಎನ್‌ಎಯಲ್ಲಿ ಸುಮಾರು 11 ಸಾವಿರ ಅಕ್ಷರಗಳಿವೆ. ಪ್ರತಿ ನಕಲಿನಲ್ಲೂ ಒಂದಿಷ್ಟು ತಪ್ಪು ನುಸುಳುತ್ತದೆ, ಆ ತಪ್ಪುಗಳನ್ನು ಎಣಿಸಿ ಕಾಲ ಅಂದಾಜು ಮಾಡುತ್ತಾರೆ. 2009ರಲ್ಲಿ ಪ್ರಕಟವಾದ ಒಂದು ಲೆಕ್ಕ ಈ ಕವಲು ಕೆಲವೇ ದಶಕಗಳ ಹಿಂದಿನದೆಂದಿತು. 2011ರಲ್ಲಿ ಇನ್ನೊಂದು ತಂಡ ಹಳೆಯ ಸಂಗ್ರಹಗಳಲ್ಲಿದ್ದ ಮಾದರಿಗಳನ್ನೂ ಸೇರಿಸಿ, ಪೂರ್ಣ ಜೀನೋಮ್‌ಗಳನ್ನು ಹೋಲಿಸಿ ಲೆಕ್ಕ ಹಾಕಿದಾಗ ಅದು ಸುಮಾರು 700 ವರ್ಷ ಹಿಂದಕ್ಕೆ ಹೋಯಿತು.

ಕೆಲವು ದಶಕ ಎಲ್ಲಿ, ಏಳು ಶತಮಾನ ಎಲ್ಲಿ! ಇದು ಪಂಡಿತರ ಜಗಳ ಮಾತ್ರ ಅಂದುಕೊಳ್ಳಬೇಡಿ. ವೈರಸ್ ಹೊಸಬ ಎಂದಾದರೆ ಅದು ಬಂದ ದಾರಿ ಹುಡುಕಿ ಮುಚ್ಚಬೇಕು. ಏಳು ನೂರು ವರ್ಷದ ಹಳಬ ಎಂದಾದರೆ, ಅಂದರೆ ವಿಜಯನಗರದ ಕಾಲಕ್ಕೂ ಮೊದಲೇ ಅದಕ್ಕೊಂದು ಪ್ರತ್ಯೇಕ ಚರಿತ್ರೆ ಇತ್ತೆಂದಾದರೆ, 1957ರ ಹೊತ್ತಿಗೆ ಬದಲಾದದ್ದು ಕಾಡಿನೊಂದಿಗೆ ನಮ್ಮ ವ್ಯವಹಾರ ಎಂಬ ಬೊಶೆಲ್ ಅವರ ಮಾತಿಗೆ ತೂಕ ಬರುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ. ಎರಡನೆಯ ಲೆಕ್ಕ ಸಾಧ್ಯವಾದದ್ದಾದರೂ ಹೇಗೆ? ಯಾರೋ ದಶಕಗಳ ಹಿಂದೆ ಮಾದರಿಗಳನ್ನು ಚೀಟಿ ಅಂಟಿಸಿ, ದಿನಾಂಕ ಬರೆದು, ಜೋಪಾನವಾಗಿ ತಂಪಿನಲ್ಲಿಟ್ಟಿದ್ದರಿಂದ. ಪುಣೆಯ ಸಂಸ್ಥೆ 1957ರಿಂದ 2017ರವರೆಗಿನ ವೈರಸ್‌ಗಳನ್ನು ಹೋಲಿಸಿ, ಅದು ಪಶ್ಚಿಮ ಘಟ್ಟದುದ್ದಕ್ಕೂ ಹರಡಿದ ಬಗೆಯನ್ನು 2020ರಲ್ಲಿ ಪ್ರಕಟಿಸಲು ಸಾಧ್ಯವಾದದ್ದೂ ಹೀಗೆಯೇ.

ಲಸಿಕೆಯ ವಿಷಯವೂ ಇಲ್ಲಿಗೇ ಬಂದು ಸೇರುತ್ತದೆ. ದಶಕಗಳ ಕಾಲ ಮಲೆನಾಡಿನ ಜನ ಚುಚ್ಚಿಸಿಕೊಂಡ ಲಸಿಕೆಗೆ ಮೂಲ 1957ರಲ್ಲಿ ಬೇರ್ಪಡಿಸಿದ ವೈರಸ್. 2005ರಿಂದ 2010ರವರೆಗಿನ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಅದರ ರಕ್ಷಣೆ ನೂರಕ್ಕೆ ಸುಮಾರು 62, ಬೂಸ್ಟರ್ ಕೂಡ ಪಡೆದವರಿಗೆ ಸುಮಾರು 83 ಎಂದು ಕಂಡಿತ್ತು. ಆಮೇಲೆ ಅದರ ಸಾಮರ್ಥ್ಯ ಕುಸಿದು, 2022ರಲ್ಲಿ ರಾಜ್ಯದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಹೊಸ ಲಸಿಕೆಯ ಕೆಲಸ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ಸಾಗಿದೆ. ಅದು ಬಂದ ಮೇಲೆ ಎಷ್ಟು ಜನರಿಗೆ ಕೊಟ್ಟೆವು ಎಂಬ ಎಣಿಕೆಯೊಂದೇ ಸಾಲದು. ಲಸಿಕೆ ಪಡೆದೂ ಕಾಯಿಲೆ ಬಿದ್ದವರ ರಕ್ತದಲ್ಲಿ ಸಿಕ್ಕ ವೈರಸ್ಸಿನ ಅಕ್ಷರಗಳನ್ನು ವರ್ಷ ವರ್ಷವೂ ಓದಿ ಹೋಲಿಸುತ್ತಿರಬೇಕು. ಎಪಿಡೆಮಿಯಾಲಜಿಯೂ ಜೀವವಿಕಾಸವೂ ಕೂಡಿ ಮಾಡಬೇಕಾದ ಕೆಲಸ ಎಂದರೆ ಇದು.

ರೋಗವಂತೂ ನಮಗಾಗಿ ಕಾಯುತ್ತಿಲ್ಲ. ದಶಕಗಟ್ಟಲೆ ಶಿವಮೊಗ್ಗ ಮತ್ತು ನೆರೆಯ ಜಿಲ್ಲೆಗಳ ಪಾಡು ಎಂಬಂತಿದ್ದದ್ದು 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿತು. ಆಮೇಲೆ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎದ್ದ ಪಿಡುಗನ್ನು ಈ ಸಭೆಯಲ್ಲಿರುವ ಅನೇಕರು ಕಣ್ಣಾರೆ ಕಂಡಿದ್ದೀರಿ. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುವ ರೋಗ ಇದು. ನಿರ್ದಿಷ್ಟ ಔಷಧಿ ಇಲ್ಲ.

ಕಾಡಿನ ಕಥೆಯಿಂದ ಸ್ವಲ್ಪ ಹೊರಗೆ ಬಂದು ಮೈಸೂರಿಗೆ ಹೋಗೋಣ, ಏಕೆಂದರೆ ಈ ಮೂರು ಶಾಸ್ತ್ರಗಳ ಕೂಟ ಸೋಂಕುರೋಗಕ್ಕಷ್ಟೇ ಸೀಮಿತವೆಂಬ ಭಾವನೆ ಬರಬಾರದು. ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತಿದ್ದರು. ಬರೆದ ದಾದಿಯರಿಗೆ ಅದು ದಿನದ ಕೆಲಸ. ಹೆರಿಗೆ ಮುಗಿಯಿತು, ತಕ್ಕಡಿಯಲ್ಲಿಟ್ಟು ಪೌಂಡು ಔನ್ಸಿನಲ್ಲಿ ತೂಗಿ, ತಾಯಿಯ ಹೆಸರಿನ ಮುಂದೆ ಅಂಕಿ ಬರೆದರು. ಆರು ದಶಕ ಕಳೆದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಅವರ ತಂಡ ಮತ್ತು ಮೈಸೂರಿನ ವೈದ್ಯರು ಆ ಕಡತ ಹಿಡಿದು, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ ಇನ್ನೂ ಆ ಊರಿನ ಸುತ್ತಮುತ್ತಲೇ ಇದ್ದ 517 ಗಂಡಸರು, ಹೆಂಗಸರನ್ನು ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3.

ಹೊಟ್ಟೆಯೊಳಗಿನ ಮಗು ತಾಯಿಗೆ ಸಿಗುವ ಆಹಾರದಿಂದ ಹೊರಗಿನ ಲೋಕ ಹೇಗಿದೆಯೆಂದು ಊಹಿಸಿಕೊಳ್ಳುತ್ತದೆ, ಕೊರತೆಯ ಲೋಕವಾದರೆ ಅದಕ್ಕೆ ತಕ್ಕ ಮೈಯನ್ನು ಕಟ್ಟಿಕೊಳ್ಳುತ್ತದೆ, ಮುಂದೆ ಹೊಟ್ಟೆ ತುಂಬಾ ಉಣ್ಣುವ ಕಾಲ ಬಂದಾಗ ಆ ಮೈಗೇ ಅದು ಭಾರವಾಗುತ್ತದೆ. ಹೇಲ್ಸ್ ಮತ್ತು ಬಾರ್ಕರ್ 1992ರಲ್ಲಿ ಮಂಡಿಸಿದ ವಿಚಾರದಿಂದ ಬೆಳೆದು ಬಂದ ವಿವರಣೆ ಇದು. ಒಪ್ಪುವವರೂ ಇದ್ದಾರೆ, ತಕರಾರು ಎತ್ತುವವರೂ ಇದ್ದಾರೆ. ಪರಿಸರ, ವಿಕಾಸ, ರೋಗದ ಎಣಿಕೆ ಮೂರೂ ಒಂದೇ ವಾಕ್ಯದಲ್ಲಿ ಕೂಡುವುದನ್ನು ನೋಡಿ. ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುವುದು ಆ ದಾದಿಯರ ಕೆಲಸ. 1934ರಲ್ಲಿ ತೂಕ ಬರೆದ ಕೈಗೆ 1996ರ ಪ್ರಶ್ನೆ ತಿಳಿದಿರಲು ಸಾಧ್ಯವೇ ಇರಲಿಲ್ಲ. ಆದರೂ ಅಳತೆ ಸರಿಯಾಗಿತ್ತು, ಬರಹ ಸ್ಪಷ್ಟವಾಗಿತ್ತು, ಕಡತವನ್ನು ಯಾರೂ ರದ್ದಿಗೆ ಹಾಕಲಿಲ್ಲ. ನಮ್ಮ ಜಿಲ್ಲೆಗಳಲ್ಲಿ ಇಂಥ ಎಷ್ಟು ಕಡತಗಳು ಗೆದ್ದಲಿಗೆ ಹೋಗುತ್ತಿವೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಕೇಂದ್ರದ ಮಾತಿಗೆ ಬಂದೆ. ಶಿವಮೊಗ್ಗ ಜಿಲ್ಲೆಯಲ್ಲಿ ಇವತ್ತು ಏನಿದೆ ಎಂದು ನೋಡಿ. ವೈದ್ಯಕೀಯ ಕಾಲೇಜು ಇದೆ, ಅದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಪಶುವೈದ್ಯಕೀಯ ಕಾಲೇಜು ಇದೆ, ಅದಕ್ಕೆ ಬೀದರಿನ ವಿಶ್ವವಿದ್ಯಾಲಯ. ಅಡಿಕೆ, ಮಣ್ಣು, ಕೀಟ ಓದುವವರು ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ. ವನ್ಯಜೀವಿ, ಜೈವಿಕ ತಂತ್ರಜ್ಞಾನ ಓದುವವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ. ಒಂದೇ ಜಿಲ್ಲೆ, ನಾಲ್ಕು ವಿಶ್ವವಿದ್ಯಾಲಯಗಳ ಆಡಳಿತ. ಸತ್ತ ಮಂಗದ ಗತಿಯೂ ಹೀಗೇ. ಕಾಡಿನಲ್ಲಿ ಅದನ್ನು ಮೊದಲು ಕಾಣುವವನು ಅರಣ್ಯ ಇಲಾಖೆಯ ವಾಚರ್ ಅಥವಾ ಸೌದೆಗೆ ಹೋದ ಹೆಂಗಸು. ಕೈಗವಸು ತೊಟ್ಟು, ಉಣುಗು ಹತ್ತದಂತೆ ಮೈಗೆ ಎಣ್ಣೆ ಬಳಿದು, ಅಲ್ಲೇ ಕೊಯ್ದು ಮಾದರಿ ತೆಗೆದು, ಹೆಣವನ್ನು ಸುಡಿಸುವವರು ಪಶುವೈದ್ಯರು. ಪರೀಕ್ಷೆ ಆರೋಗ್ಯ ಇಲಾಖೆಯ ಪ್ರಯೋಗಾಲಯದ್ದು. ಮೂರು ಕಡೆ ಮೂರು ರಿಜಿಸ್ಟರು. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಮೂವತ್ತು ವರ್ಷದ ಲೆಕ್ಕವನ್ನು ಒಂದೇ ನಕ್ಷೆಯ ಮೇಲೆ ತರುವುದೇ ಕೆಲಸವಾಗಿರುವ ಒಂದು ಖಾಯಂ ಜಾಗ ಜಿಲ್ಲೆಯಲ್ಲಿ ಇಲ್ಲ.

ಒಳ್ಳೆಯ ಪ್ರಯತ್ನಗಳು ನಡೆದಿವೆ ಎಂಬುದನ್ನು ಮರೆಯಬಾರದು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಯಲಹಂಕದ ಪಶುರೋಗ ಸಂಸ್ಥೆ ನಿವೇದಿ, ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ಇಲಾಖೆಗಳು ಸೇರಿ ಕಾಡು, ತೋಟ, ದನಗಳ ಸಾಂದ್ರತೆಗಳನ್ನು ಒಟ್ಟಿಗೆ ಲೆಕ್ಕ ಹಾಕಿ ಯಾವ ಜಾಗಗಳಲ್ಲಿ ಮಂಗನ ಕಾಯಿಲೆಯ ಅಪಾಯ ಹೆಚ್ಚೆಂಬ ನಕ್ಷೆ ಮಾಡಿದರು. ಹಳ್ಳಿಯವರನ್ನೂ ಸಿಬ್ಬಂದಿಯನ್ನೂ ಜೊತೆಗೆ ಕೂರಿಸಿಕೊಂಡು ಮಾಡಿದ್ದು ಅದರ ಹೆಚ್ಚುಗಾರಿಕೆ. ಆದರೆ ಯೋಜನೆಗೆ ಅವಧಿ ಇರುತ್ತದೆ. ಹಣ ಮುಗಿದ ದಿನ ತರಬೇತಾದ ಹುಡುಗರು ಬೇರೆ ಊರಿನ ಬಸ್ಸು ಹತ್ತುತ್ತಾರೆ. ಒಂದು ಕಾಲಕ್ಕೆ ಪುಣೆಯ ಕೇಂದ್ರದ ತಂಡ ಸಾಗರದಲ್ಲೇ ಬೀಡುಬಿಟ್ಟು ಕೆಲಸ ಮಾಡುತ್ತಿತ್ತು, ಕಾಲಕ್ರಮದಲ್ಲಿ ಅದೂ ಹೋಯಿತು. ಪಿಡುಗು ಎದ್ದಾಗ ಹರಿದುಬರುವ ಹಣ ಮಳೆ ಬಿದ್ದು ಕೇಸು ಇಳಿದ ಕೂಡಲೇ ನಿಲ್ಲುತ್ತದೆ. ಮಳೆಗಾಲದಲ್ಲಿ ದನದ ಮೈಮೇಲೆ ಉಣುಗು ಬೆಳೆಯುತ್ತಿರುವಾಗ ಅದನ್ನು ಎಣಿಸುವವರು ಇರುವುದಿಲ್ಲ.

ಆದ್ದರಿಂದ ಮೊದಲು ಕಟ್ಟಡದ ಮಾತು ಬೇಡ ಎಂದು ಕೈಮುಗಿದು ಕೇಳುತ್ತೇನೆ. ಜೀವಂತ ವೈರಸ್ ಸಾಕುವ ಪ್ರಯೋಗಾಲಯವೂ ಈ ಕೇಂದ್ರಕ್ಕೆ ಬೇಡ. ಅದಕ್ಕೆ ಬೇಕಾದ ಅತ್ಯುನ್ನತ ಭದ್ರತೆಯ ವ್ಯವಸ್ಥೆ ಪುಣೆಯಲ್ಲಿದೆ, ಅವರ ಜೊತೆ ಒಪ್ಪಂದ ಮಾಡಿಕೊಂಡರೆ ಸಾಕು. ಇಲ್ಲಿ ಬೇಕಾದದ್ದು ಖಾಯಂ ಹುದ್ದೆಗಳು. ಅವುಗಳಲ್ಲಿ ಮೊದಲನೆಯದು ಕಡತ ಕಾಯುವವರದು: ದಾಖಲೆಗಳನ್ನು ಹುಡುಕಿ, ಓದಿ, ಗಣಕಕ್ಕೆ ಏರಿಸಿ, ರೋಗಿಗಳ ಹೆಸರು ಹೊರಗೆ ಬೀಳದಂತೆ ಜೋಪಾನ ಮಾಡುವವರು. ಎರಡನೆಯದು ಉಣುಗನ್ನು ಸೂಕ್ಷ್ಮದರ್ಶಕದಡಿ ಇಟ್ಟು ಇದು ಸ್ಪಿನಿಜೆರಾ, ಇದು ಟರ್ಟುರಿಸ್ ಎಂದು ಜಾತಿ ಹೇಳಬಲ್ಲವರದು. ಜೀನ್ ಓದುವ ಯಂತ್ರ ಹಣ ಕೊಟ್ಟರೆ ಬರುತ್ತದೆ; ಉಣುಗಿನ ಬಾಯಿಯ ಮುಳ್ಳುಗಳನ್ನು ನೋಡಿ ಜಾತಿ ಹೇಳುವ ಕಣ್ಣು ತಯಾರಾಗಲು ವರ್ಷಗಳು ಬೇಕು, ಅಂಥವರು ದೇಶದಲ್ಲೇ ವಿರಳವಾಗುತ್ತಿದ್ದಾರೆ. ಸಂಖ್ಯಾಶಾಸ್ತ್ರಜ್ಞರು, ಸಮಾಜಶಾಸ್ತ್ರದವರು, ಜೀನೋಮ್ ಓದುವವರು ಆಮೇಲೆ ಬರಲಿ.

ಹೊರದೇಶದಲ್ಲಿ ಮಾದರಿಗಳು ಇಲ್ಲದಿಲ್ಲ. ಅರಿಜೋನ ರಾಜ್ಯ ವಿಶ್ವವಿದ್ಯಾಲಯದಲ್ಲಿ ವೈದ್ಯ ರ‍್ಯಾಂಡಾಲ್ಫ್ ನೆಸ್ಸಿ 2014ರಲ್ಲಿ ವಿಕಾಸ ಮತ್ತು ವೈದ್ಯಶಾಸ್ತ್ರದ ಕೇಂದ್ರ ಕಟ್ಟಿದರು. ಅದನ್ನು ಹಾಗೆಯೇ ಎತ್ತಿ ಇಲ್ಲಿ ಇಡಲಾಗದು, ಇಡಬೇಕಾಗಿಯೂ ಇಲ್ಲ. ನಮ್ಮ ಸರ್ಕಾರಗಳು ಈಗ ಮನುಷ್ಯ, ಪ್ರಾಣಿ, ಪರಿಸರಕ್ಕೆ ಒಂದೇ ಆರೋಗ್ಯ ಎಂಬ ಮಾತನ್ನು ಸಾಕಷ್ಟು ಆಡುತ್ತಿವೆ. ಆ ಮಾತು ನನಗೆ ಒಪ್ಪಿಗೆ. ಆದರೆ ಅದರಲ್ಲಿ ಕಾಲದ ಆಯಾಮ, ಅಂದರೆ ವಿಕಾಸ, ಹಲವು ಸಲ ಬಿಟ್ಟುಹೋಗಿರುತ್ತದೆ. ಅಡಿಕೆ ತೋಟವನ್ನೇ ನೋಡಿ. ಕೊಳೆ ರೋಗಕ್ಕೆ ಮೈಲುತುತ್ತ ಸುಣ್ಣದ ದ್ರಾವಣ ಹೊಡೆಯುವುದನ್ನು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಪ್ರಚಾರಕ್ಕೆ ತಂದು ಶತಮಾನವೇ ಆಯಿತು. ಈಗ ಎಲೆಚುಕ್ಕಿ ರೋಗ ಬಂದು ತೋಟಗಳಿಗೆ ಹೊಡೆಯುವ ಶಿಲೀಂಧ್ರನಾಶಕಗಳು ಹೆಚ್ಚಿವೆ. ಒಂದೇ ಔಷಧಿಯನ್ನು ಹೊಡೆಯುತ್ತಾ ಹೋದರೆ ಶಿಲೀಂಧ್ರ ಹೇಗೆ ಬದಲಾಗುತ್ತದೆ? ಮರದ ತುದಿಯಲ್ಲಿ ಕುಳಿತು ಹೊಡೆಯುವ ಕೊನೆಗಾರನ ಶ್ವಾಸಕೋಶ, ಚರ್ಮ ಏನಾಗುತ್ತವೆ? ಕೇಂದ್ರ ಇದ್ದರೆ ಈ ಎರಡು ಪ್ರಶ್ನೆಗಳನ್ನು ಒಂದೇ ಅಧ್ಯಯನವಾಗಿ ಕೈಗೆತ್ತಿಕೊಳ್ಳಬಹುದು.

ಪಾಠದ ಕ್ರಮದ ಬಗ್ಗೆ ಒಂದೇ ಮಾತು. ವೈದ್ಯಕೀಯ, ಪಶುವೈದ್ಯಕೀಯ, ಅರಣ್ಯಶಾಸ್ತ್ರ, ಜೀವಶಾಸ್ತ್ರದ ವಿದ್ಯಾರ್ಥಿಗಳು ಒಂದು ಇಡೀ ಋತುವನ್ನು ಒಟ್ಟಿಗೆ ಕಾಡಂಚಿನ ಊರಿನಲ್ಲಿ ಕಳೆಯಬೇಕು. ಬಿಳಿ ಫ್ಲಾನೆಲ್ ಬಟ್ಟೆಯನ್ನು ನೆಲದ ಮೇಲೆ ನಿಧಾನವಾಗಿ ಎಳೆದು, ಮಗುಚಿ, ಅದಕ್ಕೆ ಅಂಟಿಕೊಂಡ ಉಣುಗುಗಳನ್ನು ಚಿಮಟದಿಂದ ಹೆಕ್ಕಿ ಸೀಸೆಗೆ ಹಾಕುವುದನ್ನು ಡಾಕ್ಟರಾಗುವ ಹುಡುಗಿಯೂ ಕಲಿಯಲಿ. ಜ್ವರದ ಮನೆಗೆ ಹೋಗಿ ಯಾವ ದಿನ ಯಾವ ಕಾಡಿಗೆ ಹೋಗಿದ್ದಿರಿ ಎಂದು ಕೇಳುವುದನ್ನು ಅರಣ್ಯಶಾಸ್ತ್ರದ ಹುಡುಗನೂ ಕಲಿಯಲಿ.

ಆ ಊರಿನವರ ಪಾಲು ಮಾಹಿತಿ ಕೊಡುವುದಕ್ಕೆ ಮುಗಿಯಬಾರದು. ಸಾಗರದ ಕಡೆ ದರಗು ಹೊತ್ತು ಬರುತ್ತಿದ್ದ ಒಬ್ಬ ಹೆಂಗಸನ್ನು ನಿಲ್ಲಿಸಿ, ಇಲಾಖೆ ಕೊಟ್ಟ ಎಣ್ಣೆ ಹಚ್ಚಿಕೊಂಡಿದ್ದೀರಾ ಅಮ್ಮ ಎಂದು ಕೇಳಿದ್ದೆ. "ಹಚ್ಕಂಡೇ ಹೋಗ್ತೀವಿ ಡಾಕ್ಟ್ರೆ. ಎರಡು ಹೊರೆ ಗುಡಿಸೋ ಅಷ್ಟ್ರಲ್ಲಿ ಬೆವರಲ್ಲಿ ಎಲ್ಲ ಹೋಗ್ತದೆ. ಆಮೇಲಿಂದಕ್ಕೆ ಏನು?" ಎಂದರು. ಹಿಂದೆ ಡಿಎಂಪಿ, ಈಗ ಡೆಪಾ ಎಂದು ಎಣ್ಣೆಯ ಹೆಸರು ಬದಲಾಗಿದೆ. ಆಕೆಯ ಪ್ರಶ್ನೆಗೆ ಉತ್ತರ ಬೇಕಾದರೆ ಅದನ್ನು ಫೆಬ್ರವರಿಯ ಬಿಸಿಲಿನಲ್ಲಿ, ದರಗು ಗುಡಿಸುವವರ ಬೆವರುವ ಕಾಲಿನ ಮೇಲೆಯೇ ಗಂಟೆ ಗಂಟೆಗೂ ಅಳೆಯಬೇಕು. ಕೇಂದ್ರದ ಸಂಶೋಧನಾ ಪಟ್ಟಿಯಲ್ಲಿ ಮೊದಲನೆಯದಾಗಿ ಈ ಪ್ರಶ್ನೆ ಇರಲಿ ಎಂದು ನನ್ನ ಆಸೆ. ಜೊತೆಗೆ ಇನ್ನೊಂದು ಷರತ್ತು: ಯಾವ ಊರಿನಿಂದ ರಕ್ತ, ಉಣುಗು, ಮಾಹಿತಿ ತೆಗೆದುಕೊಂಡರೋ ಆ ಊರಿನ ಗ್ರಾಮಸಭೆಗೆ ಮುಂದಿನ ಮಳೆಗಾಲದೊಳಗೆ ಹೋಗಿ, ಏನು ತಿಳಿಯಿತೆಂದು ಕನ್ನಡದಲ್ಲಿ ಹೇಳಬೇಕು. ಪ್ರಬಂಧ ಪ್ರಕಟವಾಗುವವರೆಗೆ ಕಾಯುವುದು ಬೇಡ.

ಕುಲಪತಿಗಳು ಮತ್ತು ಸಿಂಡಿಕೇಟ್ ಸದಸ್ಯರು ಇಲ್ಲಿದ್ದಾರೆ. ನನ್ನ ಕೋರಿಕೆ ಸಣ್ಣದರಿಂದಲೇ ಆರಂಭವಾಗಲಿ. ನಾಲ್ಕೂ ವಿಶ್ವವಿದ್ಯಾಲಯಗಳು ಮತ್ತು ಮೂರೂ ಇಲಾಖೆಗಳು ಸಹಿ ಹಾಕುವ ಒಂದು ಒಡಂಬಡಿಕೆ, ಬೆಂಕಿ ಮತ್ತು ಗೆದ್ದಲು ತಾಗದ ಒಂದು ಕೋಣೆ, ಈಗ ಹೇಳಿದ ಎರಡು ಹುದ್ದೆ. ಮೊದಲ ಕೆಲಸವಾಗಿ ಮಂಗಗಳ ಸಾವಿನ ರಿಜಿಸ್ಟರುಗಳನ್ನೂ ಜ್ವರದ ರಿಜಿಸ್ಟರುಗಳನ್ನೂ ಒಂದೇ ಕಡೆ ತಂದು, ದಿನಾಂಕ ಮತ್ತು ಊರಿನ ಪ್ರಕಾರ ಹೊಂದಿಸಬೇಕು. ಈ ಮಳೆಗಾಲದಲ್ಲೇ ಆಯ್ದ ಕೆಲವು ಊರುಗಳ ಕೊಟ್ಟಿಗೆಗಳಲ್ಲಿ ದನದ ಮೈಮೇಲಿನ ಉಣುಗು ಎಣಿಸಲು ಶುರುಮಾಡಬೇಕು. ಡಿಸೆಂಬರಿನಲ್ಲಿ ಕಾಡಿನ ನೆಲದ ಮೇಲೆ ಬಟ್ಟೆ ಎಳೆಯುವ ಹೊತ್ತಿಗೆ ಹೋಲಿಸಿ ನೋಡಲು ಆ ಎಣಿಕೆ ನಮ್ಮ ಕೈಯಲ್ಲಿರಬೇಕು.